ನಾರಾದಲ್ಲಿ ನಾಲ್ಕು ದಿನ



ಜಪಾನಿಗೆ ಹೋಗಿಬಂದ ನಮ್ಮವರನ್ನು ಮಾತಾಡಿಸಿ ನೋಡಿ. ಟೋಕಿಯೊ, ಕ್ಯೋಟೊ, ಬುಲೆಟ್ ರೈಲು ಎಲ್ಲ ಮುಗಿದ ಮೇಲೆ, ಮರೆತದ್ದು ನೆನಪಾದವರ ಹಾಗೆ, "ನಾರಾಕ್ಕೂ ಅರ್ಧ ದಿನ ಹೋಗಿದ್ದೆವು, ಜಿಂಕೆಗೆ ಬಿಸ್ಕತ್ತು ಹಾಕಿ ಬಂದೆವು" ಎನ್ನುತ್ತಾರೆ. ನಾನೂ ಅಷ್ಟೇ ಹೇಳಬೇಕಾಗಿದ್ದವಳು. ಒಸಾಕಾದಲ್ಲಿ ಕೆಲಸಕ್ಕಿರುವ ನನ್ನ ತಂಗಿಯ ಮಗ ಬರೆದುಕೊಟ್ಟ ಪಟ್ಟಿಯಲ್ಲಿ ನಾರಾದ ಪಾಲಿಗೆ ಇದ್ದದ್ದು ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡು ಗಂಟೆ. ರೈಲಿಳಿದು ಕಾಲು ಗಂಟೆ ಆಗಿರಲಿಲ್ಲ, ಆ ಪಟ್ಟಿಯನ್ನು ಒಂದು ಜಿಂಕೆ ನನ್ನ ಕೈಯಿಂದ ಕಿತ್ತು ತಿಂದುಬಿಟ್ಟಿತು. ಅಲಂಕಾರಕ್ಕೆ ಹೇಳುತ್ತಿಲ್ಲ, ನಿಜವಾಗಿಯೂ ತಿಂದಿತು. ಹುಡುಗ ನಕ್ಕು, "ದೊಡ್ಡಮ್ಮ, ಇನ್ನು ನೀವು ಹೇಳಿದ ಹಾಗೆ" ಎಂದ. ನಾಲ್ಕು ಗಂಟೆಯ ನಾರಾ ನಾಲ್ಕು ದಿನದ್ದಾಯಿತು. ಅದು ಮೇ ತಿಂಗಳು.

ಈ ಜಿಂಕೆಗಳ ಮಾತು ಮೊದಲು ಮುಗಿಸಿಬಿಡುತ್ತೇನೆ. ಸಾವಿರಕ್ಕೂ ಹೆಚ್ಚು ಇವೆ. ಯಾರೂ ಕಟ್ಟಿ ಸಾಕಿದವಲ್ಲ, ಕಾಡಿನವೇ. ಆದರೆ ಪಾರ್ಕಿನಲ್ಲಿ, ರಸ್ತೆಯಲ್ಲಿ, ಅಂಗಡಿಯ ಬಾಗಿಲಲ್ಲಿ ಮನೆಯವರ ಹಾಗೆ ಓಡಾಡುತ್ತವೆ. ಅಕ್ಕಿ ತೌಡು, ಹಿಟ್ಟು ಸೇರಿಸಿ ಮಾಡಿದ ಸಪ್ಪೆ ಬಿಲ್ಲೆಗಳನ್ನು ಒಂದು ಕಾಗದದ ಪಟ್ಟಿ ಸುತ್ತಿ ಮಾರುತ್ತಾರೆ. ಆ ಪಟ್ಟಿಯಿಂದ ಬರುವ ಹಣ ಜಿಂಕೆಗಳ ಆರೈಕೆಗೇ ಹೋಗುತ್ತದೆ. ಬಿಲ್ಲೆ ತೋರಿಸಿದರೆ ಜಿಂಕೆ ತಲೆ ಬಾಗಿಸುತ್ತದೆ. ಒಮ್ಮೆ, ಎರಡು ಸಲ, ಮೂರು ಸಲ. ನೋಡಿದವರು ಕರಗಿಹೋಗುತ್ತಾರೆ. ನಾಲ್ಕನೆಯ ಸಲಕ್ಕೂ ಕೊಡದಿದ್ದರೆ ಮಾತ್ರ ಸೆರಗಿಗೆ ಬಾಯಿ ಹಾಕುತ್ತದೆ. ಅದು ವಿನಯವಲ್ಲ, ವ್ಯವಹಾರ. ಪ್ಲಾಸ್ಟಿಕ್ ಚೀಲ ತಿಂದು ಕೆಲವು ಜಿಂಕೆಗಳು ಸತ್ತದ್ದು 2019ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಹೋಗುವವರು ಚೀಲವನ್ನು ಒಳಗಿಟ್ಟುಕೊಳ್ಳಿ.

ಇವುಗಳಿಗೆ ಇಷ್ಟು ಸಲಿಗೆ ಯಾಕೆಂದರೆ, ಪೂರ್ವದ ಕಾಶಿಮಾ ಎಂಬಲ್ಲಿಂದ ತಾಕೆಮಿಕಾಜುಚಿ ಎಂಬ ದೇವರು ಬಿಳಿ ಜಿಂಕೆಯ ಮೇಲೆ ಕೂತು ಇಲ್ಲಿನ ಮಿಕಾಸಾ ಬೆಟ್ಟಕ್ಕೆ ಬಂದನೆಂಬ ನಂಬಿಕೆಯಿದೆ. ಜಿಂಕೆ ಎಂದರೆ ದೇವರ ವಾಹನದ ವಂಶ. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾರಾ 710ರಿಂದ 784ರವರೆಗೆ ಜಪಾನಿನ ರಾಜಧಾನಿ. ರಾಜ ಹೋದ, ಗುಡಿಗಳು ಉಳಿದವು. ನಿಲ್ದಾಣದಿಂದ ಪೂರ್ವಕ್ಕೆ ಏರುವ ಹಾದಿಯಲ್ಲಿ ಮೊದಲು ಸಿಗುವುದು ಕೋಫುಕುಜಿ, ಬೌದ್ಧರ ದೊಡ್ಡ ದೇವಾಲಯ. ಅಲ್ಲಿ ನನಗೆ ಒಂದು ವಿಚಿತ್ರ ಕಂಡಿತು. ಇಷ್ಟು ಹಳೆಯ ದೇವಾಲಯಕ್ಕೆ ಪ್ರಾಕಾರದ ಗೋಡೆಯೇ ಇಲ್ಲ. ಎಲ್ಲಿ ಪಾರ್ಕು ಮುಗಿಯಿತು, ಎಲ್ಲಿ ಗುಡಿಯ ಅಂಗಳ ಶುರುವಾಯಿತು, ಗೊತ್ತೇ ಆಗುವುದಿಲ್ಲ. ನಾನು ಅದನ್ನು ಜಪಾನೀಯರ ಸೌಂದರ್ಯಪ್ರಜ್ಞೆ ಎಂದುಕೊಂಡು ಮೆಚ್ಚಿಕೊಂಡೆ. ಆಮೇಲೆ ತಿಳಿಯಿತು, ಗೋಡೆ ಇತ್ತು, ಕೆಡವಿದರು.

ಸಾವಿರ ವರ್ಷ ಆ ನಾಡಿನಲ್ಲಿ ಬುದ್ಧನೂ ಊರ ದೇವರುಗಳೂ ಒಟ್ಟಿಗೇ ಇದ್ದರು. ಕೋಫುಕುಜಿಯ ಭಿಕ್ಷುಗಳು ಪಕ್ಕದ ಕಾಸುಗಾ ದೇವಸ್ಥಾನದಲ್ಲಿ ಸೂತ್ರ ಪಠಿಸುತ್ತಿದ್ದರು. ಎರಡೂ ಫುಜಿವಾರಾ ಮನೆತನದವೇ. 1868ರಲ್ಲಿ ಹೊಸದಾಗಿ ಬಂದ ಮೇಜಿ ಸರ್ಕಾರ, ಬುದ್ಧ ಬೇರೆ, ನಮ್ಮ ದೇವರು ಬೇರೆ ಎಂದು ಆಜ್ಞೆ ಹೊರಡಿಸಿತು. ಕೋಫುಕುಜಿಯ ಭಿಕ್ಷುಗಳು ಕಾವಿ ಬಿಟ್ಟು ಕಾಸುಗಾದ ಪೂಜಾರಿಗಳಾದರು. ಗೋಡೆ ಉರುಳಿತು, ಜಮೀನು ಹೋಯಿತು. ಐದಂತಸ್ತಿನ ಗೋಪುರವನ್ನು ಜುಜುಬಿ ಬೆಲೆಗೆ ಮಾರಲು ಹೊರಟಿದ್ದರೆಂಬ ಕಥೆಯನ್ನು ಊರವರು ಈಗಲೂ ಹೇಳುತ್ತಾರೆ. ಹೀಗೆ ಅನಾಥವಾದ ನೆಲವೇ 1880ರಲ್ಲಿ ನಾರಾ ಪಾರ್ಕ್ ಆಯಿತು. ನಾವು ಚಾಪೆ ಹಾಸಿಕೊಂಡು ಬುತ್ತಿ ಬಿಚ್ಚುವ ಹುಲ್ಲಿನ ಕೆಳಗೆ ಒಂದು ದೇವಾಲಯದ ಸೋಲು ಇದೆ.

ಆ ಗೋಪುರ ಈಗ ದುರಸ್ತಿಯಲ್ಲಿದೆ. ಬೇಸರ ಬೇಡ. ಪಕ್ಕದ ವಸ್ತುಸಂಗ್ರಹಾಲಯಕ್ಕೆ ಹೋಗಿ. ಅಲ್ಲಿ ಅಸುರ ಇದ್ದಾನೆ. ಜಪಾನೀ ಬಾಯಲ್ಲಿ ಅಶುರಾ. 734ರಲ್ಲಿ ಮಾಡಿದ ವಿಗ್ರಹ. ಎತ್ತರ 153 ಸೆಂಟಿಮೀಟರ್, ಹೆಚ್ಚುಕಡಿಮೆ ನನ್ನಷ್ಟೇ. ಮೂರು ಮುಖ, ಆರು ತೋಳು. ಅಸುರ ಎಂದೊಡನೆ ನಮಗೆ ಕೋರೆಹಲ್ಲು, ಗಿರಿಜಾ ಮೀಸೆ, ಬಣ್ಣದ ವೇಷದ ಅಬ್ಬರ ಕಣ್ಣಮುಂದೆ ಬರುತ್ತದೆ. ಇವನು ಹದಿಹರೆಯದ ಹುಡುಗ. ತೋಳುಗಳು ಬಿದಿರುಕಡ್ಡಿಯ ಹಾಗೆ ಸಣ್ಣ. ಎದುರಿನ ಮುಖದಲ್ಲಿ ಹುಬ್ಬು ಸ್ವಲ್ಪ ಗಂಟಾಗಿದೆ, ಅದು ಕೋಪಕ್ಕಲ್ಲ. ಮಾಡಿದ ತಪ್ಪು ಈಗ ತಾನೇ ಅರ್ಥವಾಗಿ, ಇನ್ನೂ ಯಾರಿಗೂ ಹೇಳದೆ ನಿಂತ ಮಗುವಿನ ಮುಖ. ಎರಡು ಕೈ ಎದೆಯ ಹತ್ತಿರ ಜೋಡಿಸಿದ್ದಾನೆ. ಸಾಲಿನಲ್ಲೇ ಹಕ್ಕಿಯ ಕೊಕ್ಕಿನ ಕರುರಾ, ಅಂದರೆ ನಮ್ಮ ಗರುಡ. ಗಂಧರ್ವ, ಕಿನ್ನರರೂ ಇದ್ದಾರೆ, ಎಲ್ಲರೂ ಯುದ್ಧಕವಚ ತೊಟ್ಟಿದ್ದಾರೆ, ಅಸುರ ಒಬ್ಬನನ್ನು ಬಿಟ್ಟು. ನಾನು ಅವನೆದುರು ಅರ್ಧ ಗಂಟೆ ನಿಂತೆ.

ಈ ದೇವಾಲಯಕ್ಕೆ ಬಿದ್ದ ಬೆಂಕಿಗಳನ್ನೆಲ್ಲ ದಾಟಿ ಇವನು ಉಳಿದದ್ದು ಹೇಗೆ? ಮರದ್ದಲ್ಲ, ಕಂಚಿನದಲ್ಲ. ಸೆಣಬಿನಂಥ ನಾರಿನ ಬಟ್ಟೆಯನ್ನು ಅರಗಿನ ಜಾತಿಯ ಮರದ ಅಂಟಿನಲ್ಲಿ ಅದ್ದಿ ಪದರ ಪದರ ಹಚ್ಚಿ, ಒಣಗಿದ ಮೇಲೆ ಒಳಗಿನ ಮಣ್ಣು ತೆಗೆದುಬಿಡುತ್ತಾರೆ. ಒಳಗೆ ಟೊಳ್ಳು. ಬೆಂಕಿ ಬಿದ್ದಾಗ ಒಬ್ಬ ಭಿಕ್ಷು ತಬ್ಬಿಕೊಂಡು ಓಡಬಹುದು, ಅಷ್ಟು ಹಗುರ.

ಹತ್ತಿರದ ತೋದಾಯ್‌ಜಿ ದೇವಾಲಯದ ಮಹಾಬುದ್ಧನಿಗೆ ಆ ಭಾಗ್ಯವಿರಲಿಲ್ಲ. ಕೂತ ಭಂಗಿಯಲ್ಲೇ ಸುಮಾರು 15 ಮೀಟರ್ ಎತ್ತರದ ಕಂಚಿನ ವೈರೋಚನನನ್ನು ಯಾರು ತಬ್ಬಿಕೊಂಡು ಓಡಬೇಕು? 735ರಿಂದ 737ರವರೆಗೆ ಜಪಾನಿನಲ್ಲಿ ಸಿಡುಬು ಬಂದು ಊರಿಗೆ ಊರೇ ಬರಿದಾಯಿತು. ಆಡಳಿತ ನಡೆಸುತ್ತಿದ್ದ ಫುಜಿವಾರಾ ಮನೆಯ ನಾಲ್ವರು ಅಣ್ಣತಮ್ಮಂದಿರೂ ಒಂದೇ ವರ್ಷದಲ್ಲಿ ಹೋದರು. ಆ ಭಯದಲ್ಲಿ ಚಕ್ರವರ್ತಿ ಶೋಮು 743ರಲ್ಲಿ ಮಹಾಬುದ್ಧನನ್ನು ಎರಕ ಹೊಯ್ಯಿಸುವ ಸಂಕಲ್ಪ ಮಾಡಿದ. ಒಂದು ಹುಲ್ಲುಕಡ್ಡಿ, ಒಂದು ಹಿಡಿ ಮಣ್ಣು ತಂದುಕೊಡುವವನೂ ಬರಲಿ ಎಂಬುದು ಅವನ ಆಜ್ಞೆಯ ಸಾರ. ಜನರನ್ನು ಕೂಡಿಸಲು ಗ್ಯೋಕಿ ಎಂಬ ಭಿಕ್ಷುವನ್ನು ಕರೆದರು. ಹಿಂದೆ ಅದೇ ಸರ್ಕಾರ, ಬೀದಿಯಲ್ಲಿ ಧರ್ಮ ಹೇಳುತ್ತಾನೆಂದು ಅವನ ಮೇಲೆ ನಿರ್ಬಂಧ ಹಾಕಿತ್ತು.

ಇಲ್ಲಿಗೆ ನಮ್ಮ ದೇಶದವನೊಬ್ಬ ಬರುತ್ತಾನೆ. ಬೋಧಿಸೇನ. ಭಾರತದಿಂದ ಚೀನಾಕ್ಕೆ ಹೋಗಿ, ಅಲ್ಲಿಂದ ಜಪಾನಿನ ರಾಯಭಾರಿಗಳ ಜತೆ ಹಡಗು ಹತ್ತಿ 736ರಲ್ಲಿ ಜಪಾನ್ ತಲುಪಿದ ಭಿಕ್ಷು. ಈಗಿನ ಒಸಾಕಾದ ಬಂದರಿನಲ್ಲಿ ಅವನನ್ನು ಎದುರುಗೊಂಡವನು ಇದೇ ಗ್ಯೋಕಿ. ಅಲ್ಲಿಯವರು ಅವನನ್ನು ಬರಮೋನ್ ಸೋಜೋ, ಅಂದರೆ ಬ್ರಾಹ್ಮಣ ಗುರು, ಎಂದು ಕರೆದರು. 752ರಲ್ಲಿ ಮಹಾಬುದ್ಧನ ನೇತ್ರೋನ್ಮೀಲನ ಮಾಡಿದ್ದು ಇವನ ಕೈ. ಕೈಯಲ್ಲಿದ್ದ ಕುಂಚಕ್ಕೆ ಉದ್ದುದ್ದ ಹುರಿಗಳನ್ನು ಕಟ್ಟಿದ್ದರು. ನೆರೆದವರು ಆ ಹುರಿ ಹಿಡಿದು ನಿಂತರು. ಬುದ್ಧನ ಕಣ್ಣಿಗೆ ಕಪ್ಪು ತಾಗಿದಾಗ ಅದನ್ನು ಬರೆದದ್ದು ಒಬ್ಬನ ಕೈಯಲ್ಲ, ಹುರಿ ಹಿಡಿದವರೆಲ್ಲರ ಕೈ. ನಮ್ಮಲ್ಲಿ ಪ್ರತಿಷ್ಠೆಯ ದಿನ ಶಿಲ್ಪಿ ಕಣ್ಣು ತೆರೆಸುವುದನ್ನು ನೋಡಿದ್ದೇನೆ, ಹುರಿ ಕಟ್ಟಿದ್ದನ್ನು ಕೇಳಿಯೂ ಇರಲಿಲ್ಲ.

ಆ ಕುಂಚ ಇನ್ನೂ ಇದೆ. ಎರಡಡಿಗೆ ಸ್ವಲ್ಪ ಕಡಿಮೆ ಉದ್ದದ್ದು. ನೀಲಿ ರೇಷ್ಮೆಯ ಹುರಿಯೂ ಇದೆ. ಶೋಸೋಯಿನ್ ಎಂಬ ಮರದ ಭಂಡಾರದಲ್ಲಿ ಹನ್ನೆರಡು ಶತಮಾನ ಕಾದಿಟ್ಟರು. 1180ರ ಅಂತರ್ಯುದ್ಧದಲ್ಲಿ ದೇವಾಲಯ ಸುಟ್ಟು ಬುದ್ಧ ಕರಗಿದ. ಮತ್ತೆ ಎರಕ ಹೊಯ್ದು, 1185ರಲ್ಲಿ ಗೋ-ಶಿರಾಕಾವಾ ಎಂಬ ಮಾಜಿ ಚಕ್ರವರ್ತಿ ಅಟ್ಟಣಿಗೆ ಹತ್ತಿ ತಾನೇ ಕಣ್ಣು ಬರೆದ. ಯಾವ ಕುಂಚದಿಂದ? ಬೋಧಿಸೇನನ ಕುಂಚದಿಂದಲೇ. 1567ರಲ್ಲಿ ಮತ್ತೆ ಬೆಂಕಿ. ಆಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಮಹಾಬುದ್ಧ ಸರಿಯಾದ ಸೂರಿಲ್ಲದೆ ಕೂತಿದ್ದ. ಈಗ ಕಾಣುವ ತಲೆ 17ನೇ ಶತಮಾನದ್ದು, ಮಂಟಪ 1709ರದ್ದು. ಮೊದಲಿನದರ ಮೂರನೇ ಎರಡರಷ್ಟು ಅಗಲ ಮಾತ್ರ, ಆದರೂ ಒಳಗೆ ಕಾಲಿಟ್ಟಾಗ ಕತ್ತು ತಾನಾಗಿ ಮೇಲಕ್ಕೆ ಹೋಗುತ್ತದೆ.

ಬಾಗಿಲ ಹೊರಗೆ ಕೆಂಪು ಬಟ್ಟೆ ಹೊದ್ದ ಒಂದು ಮರದ ಮುದುಕನಿದ್ದಾನೆ. ಬಿಂಜುರು ಎನ್ನುತ್ತಾರೆ. ಬುದ್ಧನ ಶಿಷ್ಯ ಪಿಂಡೋಲ ಭಾರದ್ವಾಜ. ನಿಮಗೆ ಎಲ್ಲಿ ನೋವೋ ಅವನ ಆ ಭಾಗವನ್ನು ಸವರಿ, ಆಮೇಲೆ ನಿಮ್ಮದನ್ನು ಸವರಿಕೊಳ್ಳಬೇಕು. ಅವನ ಮಂಡಿ ಎಲ್ಲಕ್ಕಿಂತ ನುಣುಪಾಗಿದೆ. ನಾನೂ ನನ್ನ ಪಾಲಿನ ನುಣುಪು ಸೇರಿಸಿ ಬಂದೆ. ಭಕ್ತಿ ಹೆಚ್ಚಾಗಿ ಅಲ್ಲೇ ಎರಡು ಚಪ್ಪಾಳೆಯನ್ನೂ ತಟ್ಟಿದೆ. "ದೊಡ್ಡಮ್ಮ, ಚಪ್ಪಾಳೆ ಬುದ್ಧನಿಗಲ್ಲ. ಆ ಕಡೆಯ ದೇವರಿಗೆ" ಎಂದು ಹುಡುಗ ಕೈ ಹಿಡಿದ. ನಿಯಮ ಇಷ್ಟೇ. ತೋರಣದಂಥ ದ್ವಾರ ಇರುವ ಶಿಂತೋ, ಅಂದರೆ ಊರ ದೇವರ, ಗುಡಿಯಾದರೆ ಎರಡು ಸಲ ಬಗ್ಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಗ್ಗುವುದು. ಬುದ್ಧನ ಗುಡಿಯಾದರೆ ಸುಮ್ಮನೆ ಕೈ ಮುಗಿಯುವುದು. 1868ರ ಗೆರೆ ನನ್ನ ಅಂಗೈಯವರೆಗೂ ಬಂತಲ್ಲ ಎನ್ನಿಸಿತು.

ಮೇಲೆ ಗುಡ್ಡದ ಅಂಚಿನಲ್ಲಿ ನಿಗಾತ್ಸುದೋ, ಎರಡನೇ ತಿಂಗಳ ಮಂಟಪ, ಇದೆ. ಮಾರ್ಚ್ 1ರಿಂದ 14ರವರೆಗೆ ರಾತ್ರಿ ಅದರ ಜಗುಲಿಯ ಉದ್ದಕ್ಕೂ ದೊಡ್ಡ ಪಂಜುಗಳನ್ನು ಹಿಡಿದು ಓಡುತ್ತಾರೆ. ಕೆಳಗೆ ನಿಂತವರ ತಲೆಯ ಮೇಲೆ ಕಿಡಿ ಸುರಿಯುತ್ತದೆ. ಮರದ ಕಟ್ಟಡದಲ್ಲಿ! ಹನ್ನೊಂದು ಭಿಕ್ಷುಗಳು ಲೋಕದ ಪರವಾಗಿ ಹನ್ನೊಂದು ಮುಖದ ಅವಲೋಕಿತೇಶ್ವರನಲ್ಲಿ ತಪ್ಪೊಪ್ಪಿಕೊಳ್ಳುವ ವ್ರತ ಇದು. 752ರಲ್ಲಿ ಶುರುವಾದದ್ದು ಒಂದು ವರ್ಷವೂ ತಪ್ಪಿಲ್ಲ. 1667ರಲ್ಲಿ ವ್ರತದ ನಡುವೆಯೇ ಮಂಟಪ ಸುಟ್ಟುಹೋಯಿತು. ಆಗಲೂ ನಿಲ್ಲಿಸಲಿಲ್ಲ. ನಾನು ಹೋದಾಗ ಪಂಜಿನ ಕಾಲ ಮುಗಿದಿತ್ತು. ಜಗುಲಿಯಿಂದ ಊರ ಮಾಡುಗಳ ಮೇಲೆ ಸೂರ್ಯ ಮುಳುಗುವುದನ್ನು ನೋಡಿ ಇಳಿದೆ. ಅದಕ್ಕೆ ಟಿಕೆಟ್ಟೂ ಇಲ್ಲ, ಬಾಗಿಲೂ ಇಲ್ಲ.

ಕಾಸುಗಾ ದೇವಸ್ಥಾನ 768ರದ್ದು. ದಾರಿಯ ಎರಡೂ ಬದಿ ಪಾಚಿ ಹಿಡಿದ ಕಲ್ಲಿನ ದೀಪಸ್ತಂಭಗಳು, ಒಳಗೆ ತೂಗುಹಾಕಿದ ಲೋಹದ ದೀಪಗಳು, ಒಟ್ಟು ಮೂರು ಸಾವಿರದಷ್ಟು. ಎಲ್ಲವನ್ನೂ ಹಚ್ಚುವುದು ಫೆಬ್ರವರಿಯಲ್ಲಿ ಒಂದು ರಾತ್ರಿ, ಆಗಸ್ಟ್ 14 ಮತ್ತು 15ರ ರಾತ್ರಿ. ಆದರೆ ಕಾಸುಗಾದಲ್ಲಿ ನನ್ನನ್ನು ನಿಲ್ಲಿಸಿದ್ದು ದೀಪಗಳಲ್ಲ, ಹಿಂದಿನ ಬೆಟ್ಟ. ಅಲ್ಲಿ ಮರ ಕಡಿಯಬಾರದು, ಬೇಟೆಯಾಡಬಾರದು ಎಂದು 841ರಲ್ಲಿ ಆಜ್ಞೆಯಾಯಿತು. ಹನ್ನೆರಡು ಶತಮಾನಗಳ ದೇವರಕಾಡು ಅದು, ಒಂದು ಜಿಲ್ಲಾ ಕೇಂದ್ರದಂಥ ಪಟ್ಟಣದ ಮಗ್ಗುಲಲ್ಲೇ. 1998ರಲ್ಲಿ ಯುನೆಸ್ಕೊ ನಾರಾದ ಸ್ಮಾರಕಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಗುಡಿಗಳ ಜತೆ ಈ ಕಾಡನ್ನೂ ಸೇರಿಸಿತು. ಕೊಡಗಿನವರಿಗೆ ಇದನ್ನು ಓದಿ ಹೇಳಿದರೆ, ಇದರಲ್ಲೇನು ಹೊಸತು ಎಂದಾರು.

ಮೂರನೆಯ ದಿನ ದಕ್ಷಿಣಕ್ಕೆ, ಸಾಕುರಾಯ್ ಕಡೆಯ ಮಿವಾಕ್ಕೆ ಹೋದೆವು. ಓಮಿವಾ ಗುಡಿಗೆ ಗರ್ಭಗುಡಿಯಿಲ್ಲ. ಪೂಜಾಮಂಟಪ ಇದೆ, ಅದರ ಹಿಂದೆ ಮೂರು ದ್ವಾರ ಒಂದಕ್ಕೊಂದು ಸೇರಿದ ಹಾಗಿರುವ ಒಂದು ಕಟ್ಟು ಇದೆ, ಅದರಾಚೆ ಬೆಟ್ಟ. ಬೆಟ್ಟವೇ ದೇವರು. 467 ಮೀಟರಿನ, ಮಡಿಸಿದ ಕಂಬಳಿಯ ಹಾಗೆ ದುಂಡಗಿನ ಬೆಟ್ಟ. ಇಲ್ಲಿನ ದೇವರು ಹಾವಿನ ರೂಪಿ. ಮಂಟಪದ ಮುಂದಿನ ಹಳೆಯ ದೇವದಾರಿನಂಥ ಮರದ ಬುಡದಲ್ಲಿ ಹಾವಿದೆಯೆಂದು ನಂಬಿಕೆ. ಬುಡದ ಮುಂದೆ ಕೋಳಿಮೊಟ್ಟೆ, ಪಕ್ಕದಲ್ಲಿ ಸಾಕೆ ಮದ್ಯದ ಪುಟ್ಟ ಬಾಟಲಿಗಳು, ಸಾಲಾಗಿ ಇಟ್ಟಿದ್ದರು. ನಾಗರಕಟ್ಟೆಗೆ ಹಾಲೆರೆದು ಬೆಳೆದ ನನಗೆ ನಗು ಬಂತು, ಜತೆಗೆ ಏನೋ ನೆಂಟಸ್ತಿಕೆಯೂ.

ಊರಿನ ಹೆಸರಿಗೆ ಒಂದು ಕಥೆಯಿದೆ, ಹಳೆಯ ಪುರಾಣಗ್ರಂಥ 'ಕೋಜಿಕಿ'ಯಲ್ಲಿ ಬರುವಂಥದ್ದು. ಒಬ್ಬ ಚೆಲುವೆಯ ಬಳಿ ರಾತ್ರಿ ಮಾತ್ರ ಒಬ್ಬ ಬರುತ್ತಿದ್ದ. ಅವಳು ಬಸುರಿಯಾದಾಗ ತಂದೆತಾಯಿ, ಅವನ ಉಡುಪಿನ ಅಂಚಿಗೆ ನೂಲು ಪೋಣಿಸಿದ ಸೂಜಿ ಚುಚ್ಚಿಡು ಎಂದರು. ಬೆಳಗ್ಗೆ ನೋಡಿದರೆ ನೂಲು ಬಾಗಿಲ ಕೊಂಡಿಯ ತೂತಿನಿಂದ ಹೊರಗೆ ಹೋಗಿದೆ. ಉಂಡೆಯಲ್ಲಿ ಉಳಿದದ್ದು ಮೂರೇ ಸುತ್ತು. ನೂಲು ಹಿಡಿದು ಹೋದರೆ ಅದು ಈ ಬೆಟ್ಟಕ್ಕೆ ಮುಟ್ಟಿತು. ಮಿ ಎಂದರೆ ಮೂರು, ವಾ ಎಂದರೆ ಸುತ್ತು. ಅದೇ ಊರು ಇವತ್ತು ನೂಲಿನಷ್ಟೇ ಸಣ್ಣ ಗೋಧಿ ಶಾವಿಗೆಗೆ ಹೆಸರಾಗಿದೆ. ಆ ವರ್ಷದ ಶಾವಿಗೆಯ ದರವನ್ನೂ ಫೆಬ್ರವರಿ 5ರಂದು ದೇವರ ಮುಂದೆ ಪ್ರಶ್ನೆ ಹಾಕಿಯೇ ನೋಡುತ್ತಾರೆ.

ಬೆಟ್ಟ ಹತ್ತಬಹುದು, ಆದರೆ ಅದು ಟ್ರೆಕ್ಕಿಂಗ್ ಅಲ್ಲ. ಸಾಯಿ ಎಂಬ ಸಣ್ಣ ಗುಡಿಯಲ್ಲಿ ಹೆಸರು ಬರೆಸಿ, ಕಾಣಿಕೆ ಕೊಟ್ಟು, ಗೆಜ್ಜೆ ಕಟ್ಟಿದ ಬಿಳಿ ಪಟ್ಟಿಯನ್ನು ಕೊರಳಿಗೆ ಹಾಕಿಕೊಳ್ಳಬೇಕು. ಬೆಳಗ್ಗೆಯೇ ಹೊರಡಬೇಕು. ಮೇಲೆ ಏನೂ ತಿನ್ನುವಂತಿಲ್ಲ, ಫೋಟೋ ಹಿಡಿಯುವಂತಿಲ್ಲ. ಗರ್ಭಗುಡಿಯೊಳಗೆ ನಾವು ಇವೆಲ್ಲ ಮಾಡುತ್ತೇವೆಯೇ? ಏರು ಕಡಿದಾಗಿದೆ. ಕೆಲವರು ಬರಿಗಾಲಿನಲ್ಲಿ ಹತ್ತುತ್ತಿದ್ದರು. ನನ್ನ ಮುಂದೆ ಹೋಗುತ್ತಿದ್ದವರ ಗೆಜ್ಜೆ, ಹಿಂದೆ ಬರುತ್ತಿದ್ದವರ ಗೆಜ್ಜೆ, ನಡುವೆ ನನ್ನ ಏದುಸಿರು. ಮೇಲೆ ಕಂಡದ್ದನ್ನು ಹೇಳುವುದಿಲ್ಲ. ಫೋಟೋ ಬೇಡ ಎಂದವರ ಬೆಟ್ಟವನ್ನು ಬಾನುಲಿಯಲ್ಲಿ ಬಣ್ಣಿಸುವುದು ಸರಿಯಲ್ಲ. ಬಿಂಜುರು ಮಂಡಿಯನ್ನು ಕಾಪಾಡಿದ ಎಂದಷ್ಟೇ ಹೇಳಬಲ್ಲೆ.

ನಾಲ್ಕನೆಯ ದಿನ ಇನ್ನೂ ದಕ್ಷಿಣಕ್ಕೆ, ಓಮಿನೆ ಬೆಟ್ಟಸಾಲಿನ ತಪ್ಪಲಿನ ದೊರೋಗಾವಾ ಎಂಬ ಬಿಸಿನೀರಿನ ಬುಗ್ಗೆಯ ಊರಿಗೆ. ಯಾಮಾಬುಶಿಗಳೆಂಬ ಬೆಟ್ಟದ ಸಾಧಕರು ಶಂಖ ಊದುತ್ತ ಸಾಂಜೋಗಾತಾಕೆ ಶಿಖರಕ್ಕೆ ಹೋಗುವುದು ಇಲ್ಲಿಂದಲೇ. 7ನೇ ಶತಮಾನದ ಎನ್ ನೋ ಗ್ಯೋಜಾ ಅವರ ಮೂಲಪುರುಷ. ಬೀದಿಯ ತುಂಬ ಒಂದು ಕಹಿ ಗುಳಿಗೆಯ ಅಂಗಡಿಗಳು. ಹೆಸರು ದಾರಾನಿಸುಕೆ. ಧಾರಣಿ ಮಂತ್ರ ಹೇಳುವಾಗ ನಿದ್ದೆ ಬಾರದಿರಲೆಂದು ಭಿಕ್ಷುಗಳು ಬಾಯಲ್ಲಿಟ್ಟುಕೊಳ್ಳುತ್ತಿದ್ದ ತೊಗಟೆಯ ಮದ್ದಂತೆ. ಈಗ ಹೊಟ್ಟೆನೋವಿಗೆ ಕೊಡುತ್ತಾರೆ. ಒಂದು ನಾಲಿಗೆಗೆ ಹಾಕಿದೆ. ನಿದ್ದೆಯಷ್ಟೇ ಅಲ್ಲ, ಹಸಿವೂ ಹೋಯಿತು.

ಊರಾಚೆ ಹಾದಿಯಲ್ಲಿ ಒಂದು ದೊಡ್ಡ ಮರದ ದ್ವಾರ. ಹೆಂಗಸರಿಗೆ ಪ್ರವೇಶವಿಲ್ಲ ಎಂದು ಇಂಗ್ಲಿಷಿನಲ್ಲೂ ಬರೆದಿದ್ದಾರೆ. 1872ರಲ್ಲಿ ಸರ್ಕಾರ ಇಂಥ ನಿಷೇಧಗಳನ್ನೆಲ್ಲ ತೆಗೆದುಹಾಕಿತು. ಇಲ್ಲಿ ಅದು ಸಂಪ್ರದಾಯದ ಹೆಸರಲ್ಲಿ ಉಳಿದಿದೆ. ದ್ವಾರಕ್ಕಿಂತ ಕೆಳಗೆ ಒಂದು ಸಣ್ಣ ಗುಡಿ ಸಿಗುತ್ತದೆ. ಮಗನನ್ನು ಹುಡುಕಿಕೊಂಡು ಬಂದ ಎನ್ ನೋ ಗ್ಯೋಜಾನ ತಾಯಿ ಅಲ್ಲೇ ನಿಂತಳಂತೆ. ಕಷ್ಟದ ಬೆಟ್ಟ, ಅಮ್ಮ ಹಿಂದೆಯೇ ಬಂದು ಬಿದ್ದಾಳು ಎಂದು ಮಗ ಗೆರೆ ಎಳೆದನಂತೆ. ಅಕ್ಕರೆ ಒಪ್ಪುತ್ತೇನೆ. ಆದರೆ ತಾಯಿಯ ಮಂಡಿಯ ಮೇಲಿನ ಕಾಳಜಿಯನ್ನು ಸಾವಿರದ ಮುನ್ನೂರು ವರ್ಷ ಎಲ್ಲ ಹೆಂಗಸರ ಮೇಲೂ ಹೇರಿದ್ದು ಸರಿಯೆಂದು ನನಗೆ ಅನ್ನಿಸುವುದಿಲ್ಲ. ಬೇಲಿಯಿಲ್ಲದ ಜಿಂಕೆ, ಗೋಡೆಯಿಲ್ಲದ ಗುಡಿ, ಬಾಗಿಲಿಲ್ಲದ ಜಗುಲಿ ನೋಡಿ ಬಂದವಳಿಗೆ ಆ ದ್ವಾರ ಕಹಿಗುಳಿಗೆಯ ಹಾಗಾಯಿತು.

ಹುಡುಗ ಹೋಗಿಬಂದ. ಮೇಲೆ ಹೊಸಬರಿಗೆ ಹಗ್ಗ ಕಟ್ಟಿ ಬಂಡೆಯ ಅಂಚಿನಿಂದ ತಲೆಕೆಳಗಾಗಿ ಚಾಚಿ, ತಂದೆತಾಯಿಯ ಮಾತು ಕೇಳುತ್ತೀಯಾ ಎಂದು ಗದರಿಸುತ್ತಾರಂತೆ. "ಹೌದು ಹೌದು ಅಂತ ಕಿರುಚಿದೆ, ದೊಡ್ಡಮ್ಮ" ಎಂದ. ವಾರಕ್ಕೊಮ್ಮೆ ಊರಿಗೆ ಫೋನ್ ಮಾಡುತ್ತೀಯಾ ಎಂದೂ ಕೇಳಿಸಬೇಕಾಗಿತ್ತು, ನನ್ನ ತಂಗಿಯ ಪರವಾಗಿ.

ಅವನು ಬರುವವರೆಗೆ ನಾನು ತಂಗುಮನೆಯ ಜಗುಲಿಯಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ಅಲ್ಲಿನ ಮನೆಯಾಕೆಗೂ ನನಗೂ ಭಾಷೆಯಿಲ್ಲ. ಆಕೆ ಒಂದು ನಕ್ಷೆ ತಂದು ಬಿಚ್ಚಿ, ಸಾಂಜೋಗಾತಾಕೆಯ ಪಕ್ಕದ ಇನ್ನೊಂದು ಶಿಖರದ ಮೇಲೆ ಬೆರಳಿಟ್ಟು, ನನ್ನನ್ನೂ ತನ್ನನ್ನೂ ತೋರಿಸಿ ನಕ್ಕಳು. ಇನಾಮುರಾಗಾತಾಕೆ. ಜನ ಅದನ್ನು ಹೆಂಗಸರ ಓಮಿನೆ ಎನ್ನುತ್ತಾರೆ, ಅಲ್ಲಿಗೆ ನಾವು ಹತ್ತಬಹುದು. ಆಮೇಲೆ ಎರಡೂ ಶಿಖರಗಳ ಪಕ್ಕದ ಅಂಕಿಗಳ ಮೇಲೆ ಒಂದಾದ ಮೇಲೊಂದು ಬೆರಳಿಟ್ಟಳು. ಗಂಡಸರದ್ದು 1,719 ಮೀಟರ್. ಹೆಂಗಸರದ್ದು 1,726.